ಆ ಶ್ಲೋಕಕ್ಕೆ ಎರಡನೇ ಸಾಲು ಇಲ್ಲ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಗಾಂಧಿ ಜಯಂತಿ ಬಂತೆಂದರೆ ಒಂದು ಸಂದೇಶ ತಪ್ಪದೆ ಬರುತ್ತದೆ. ‘ಅಹಿಂಸಾ ಪರಮೋ ಧರ್ಮಃ’ ಅನ್ನೋದು ಅರ್ಧ ಶ್ಲೋಕ ಮಾತ್ರ, ಉಳಿದ ಅರ್ಧವನ್ನು ಮುಚ್ಚಿಟ್ಟಿದ್ದಾರೆ, ‘ಧರ್ಮಹಿಂಸಾ ತಥೈವ ಚ’ ಅಂತ ಮುಂದೆ ಇದೆ, ಅಂದರೆ ಧರ್ಮಕ್ಕಾಗಿ ಮಾಡುವ ಹಿಂಸೆಯೂ ಅಷ್ಟೇ ದೊಡ್ಡದು, ಅಂತ. ನಿಮಗೂ ಬಂದಿರುತ್ತದೆ, ಅಲ್ವಾ? ನಾನೂ ಬಹಳ ದಿನ ಅದನ್ನು ನಂಬಿದ್ದೆ. ಆಮೇಲೆ ಹುಡುಕಿದೆ. ಮಹಾಭಾರತದಲ್ಲಿ ಈ ಮಾತು ಆದಿಪರ್ವದಲ್ಲಿದೆ, ವನಪರ್ವದಲ್ಲಿದೆ, ಅನುಶಾಸನಪರ್ವದಲ್ಲಿ ಮತ್ತೆ ಮತ್ತೆ ಬರುತ್ತದೆ. ಎಲ್ಲೂ ಆ ಎರಡನೇ ಸಾಲು ಇಲ್ಲ. ಅನುಶಾಸನಪರ್ವದಲ್ಲಿ ಮಾತು ಮುಂದುವರಿಯುವುದೇ ಬೇರೆ ರೀತಿ: ಅಹಿಂಸೆಯೇ ದೊಡ್ಡ ಸಂಯಮ, ಅಹಿಂಸೆಯೇ ದೊಡ್ಡ ದಾನ, ಅಹಿಂಸೆಯೇ ದೊಡ್ಡ ತಪಸ್ಸು.

ಕ್ರೈಸ್ತರ ಕಡೆಯೂ ಇಂಥದ್ದೊಂದು ಇದೆ. ‘ನಾನು ಶಾಂತಿಯನ್ನಲ್ಲ, ಖಡ್ಗವನ್ನು ತಂದಿದ್ದೇನೆ’ ಅಂತ ಯೇಸು ಹೇಳಿದ ಮಾತು ಬೈಬಲಿನ ಮತ್ತಾಯನ ಸುವಾರ್ತೆಯಲ್ಲಿದೆ. ಅದೊಂದನ್ನೇ ಕತ್ತರಿಸಿ ತೋರಿಸುವವರಿದ್ದಾರೆ. ಮುಂದಿನ ಸಾಲು ಓದಿದರೆ ಅಲ್ಲಿರುವುದು ಅಪ್ಪ ಮಗನ ಜಗಳ, ಅತ್ತೆ ಸೊಸೆಯ ಜಗಳ. ನನ್ನ ಹಿಂದೆ ಬಂದರೆ ನಿಮ್ಮ ಮನೆಯವರೇ ನಿಮಗೆ ಎದುರಾಗುತ್ತಾರೆ ಅನ್ನುವ ಎಚ್ಚರಿಕೆ ಅದು. ಅಲ್ಲಿ ಯಾರಿಗೂ ಕತ್ತಿ ಕೊಟ್ಟಿಲ್ಲ.

ಅಹಿಂಸೆಯ ಬಗ್ಗೆ ಹಿಂದೂ, ಕ್ರೈಸ್ತ ಎರಡೂ ಕಡೆಯ ಬೋಧನೆಯನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಮೊದಲು ಕಂಡದ್ದು ಇಷ್ಟು. ಇವು ಹೊರಡುವ ಪ್ರಶ್ನೆಗಳೇ ಬೇರೆ. ಯೇಸು ಕೇಳುವುದು, ನಿನ್ನ ವೈರಿಗೆ ಏನು ಮಾಡುತ್ತೀ? ಬೆಟ್ಟದ ಮೇಲಿನ ಪ್ರಸಂಗದಲ್ಲಿ, ಅಂದರೆ ಬೆಟ್ಟದ ಮೇಲೆ ಜನರಿಗೆ ಮಾಡಿದ ಬೋಧನೆಯಲ್ಲಿ, ಅವರು ಮೀನುಗಾರನಿಗೂ ಕೂಲಿಯವನಿಗೂ ಒಂದೇ ಮಾತು ಹೇಳುತ್ತಾರೆ, ವೈರಿಗಳನ್ನು ಪ್ರೀತಿಸಿ. ಕುರಿ ಕೋಳಿಯ ಬಗ್ಗೆ ಅವರು ಜಾಸ್ತಿ ಮಾತಾಡುವುದಿಲ್ಲ. ನಮ್ಮ ಕಡೆ ಪ್ರಶ್ನೆ ಹೊರಡುವುದು ಜೀವದಿಂದ. ಇರುವೆಯಿಂದ ಆನೆಯವರೆಗೆ ಎಲ್ಲ ಜೀವ. ಆದರೆ ಎಷ್ಟು ಅಹಿಂಸೆ ಪಾಲಿಸಬೇಕು ಅನ್ನುವುದು ಪಾಲಿಸುವವರು ಯಾರು ಅನ್ನುವುದರ ಮೇಲೆ ನಿಂತಿದೆ. ಸನ್ಯಾಸಿಗೆ ಒಂದು, ಕ್ಷತ್ರಿಯನಿಗೆ ಇನ್ನೊಂದು.

ಅದಕ್ಕೇ ನನಗೆ ಇಬ್ಬರು ಯುವಕರು ಒಟ್ಟಿಗೆ ನೆನಪಾಗುತ್ತಾರೆ. ಒಬ್ಬ ಅರ್ಜುನ. ಗಾಂಡೀವ ಕೈಯಿಂದ ಜಾರುತ್ತಿದೆ, ನಾನು ಯುದ್ಧ ಮಾಡುವುದಿಲ್ಲ ಅಂತ ರಥದಲ್ಲಿ ಕುಸಿದು ಕೂರುತ್ತಾನೆ. ಇನ್ನೊಬ್ಬ ಮ್ಯಾಕ್ಸಿಮಿಲಿಯನ್. ಕ್ರಿಸ್ತಶಕ 295, ಈಗಿನ ಅಲ್ಜೀರಿಯಾದ ತೆಬೆಸ್ಸಾ ಅನ್ನುವ ಊರು. 21 ವರ್ಷದ ಹುಡುಗ, ಅಪ್ಪನೂ ಸೇನೆಯವನೇ. ರೋಮನ್ ಸೇನೆಗೆ ಸೇರಿಸಲು ಅವನ ಎತ್ತರ ಅಳೆಯುತ್ತಾರೆ. ನಾನು ಕ್ರೈಸ್ತ, ನನ್ನಿಂದಾಗದು ಅನ್ನುತ್ತಾನೆ. ಚಕ್ರವರ್ತಿಯ ಕಾವಲು ಪಡೆಯಲ್ಲೇ ಕ್ರೈಸ್ತರಿದ್ದಾರಲ್ಲ ಅಂತ ಅಧಿಕಾರಿ ಕೇಳಿದರೆ, ಅವರಿಗೆ ಯಾವುದು ಸರಿಯೋ ಅವರಿಗೆ ಗೊತ್ತು, ನಾನು ಮಾತ್ರ ಕೆಟ್ಟದ್ದು ಮಾಡಲಾರೆ ಅನ್ನುತ್ತಾನೆ. ಅವನ ತಲೆ ಕಡಿಯುತ್ತಾರೆ. ಅದಕ್ಕೂ ಮೊದಲು ಅಪ್ಪನ ಕಡೆ ತಿರುಗಿ, ಸೇನೆಗೆ ಸೇರುವಾಗ ಹಾಕಿಕೊಳ್ಳಲಿ ಅಂತ ನೀನು ಹೊಲಿಸಿದ ಹೊಸ ಬಟ್ಟೆಯನ್ನು ಈ ತಲೆ ಕಡಿಯುವವನಿಗೆ ಕೊಟ್ಟುಬಿಡು ಅಂದನಂತೆ.

ಅರ್ಜುನನಿಗೆ ಕೃಷ್ಣ ಎದ್ದೇಳು ಅಂದ, ಅವನು ಎದ್ದ. ಗಾಂಧೀಜಿ ಆ ಯುದ್ಧ ಮನಸ್ಸಿನೊಳಗಿನದು ಅಂತ ಓದಿದರು. ಟಿಳಕರು ಹಾಗೆ ಓದಲಿಲ್ಲ. ಗಾಂಧೀಜಿ ಮೇಲೆ ನನಗೆ ತುಂಬಾ ಗೌರವವಿದೆ, ಆದರೂ ಕುರುಕ್ಷೇತ್ರ ನನಗೆ ಕುರುಕ್ಷೇತ್ರವಾಗಿಯೇ ಕಾಣುತ್ತದೆ, ಅಲ್ಲಿ ಸತ್ತವರು ನಿಜವಾಗಿ ಸತ್ತರು. ಆದರೆ ಅದೇ ಗೀತೆ 12ನೇ ಅಧ್ಯಾಯದಲ್ಲಿ ಯಾವ ಜೀವಿಯನ್ನೂ ದ್ವೇಷಿಸದವನೇ ನನಗೆ ಪ್ರಿಯ ಅನ್ನುತ್ತದೆ. ಹೊಡಿ, ಆದರೆ ದ್ವೇಷಿಸಬೇಡ. ವಿಚಿತ್ರ ಏನೆಂದರೆ, ಮ್ಯಾಕ್ಸಿಮಿಲಿಯನ್ ಸತ್ತ ಸುಮಾರು 100 ವರ್ಷದ ನಂತರ, ರೋಮ್ ಸಾಮ್ರಾಜ್ಯವೇ ಕ್ರೈಸ್ತವಾದ ಮೇಲೆ, ಸಂತ ಆಗಸ್ಟೀನ್ ಕೂಡ ಸೈನಿಕರಿಗೆ ಹೆಚ್ಚುಕಡಿಮೆ ಇದನ್ನೇ ಹೇಳಿದರು. ಯುದ್ಧ ಅನಿವಾರ್ಯವಾದರೆ ಮಾಡು, ಶಾಂತಿಗಾಗಿ ಮಾಡು, ಕ್ರೂರತನ ಬೇಡ ಅಂತ. ದ್ವೇಷವಿಲ್ಲದೆ ಕೊಲ್ಲುವುದು ಆಗುತ್ತದಾ? ನನಗೆ ನಂಬಿಕೆಯಿಲ್ಲ. ಆ ಸಣ್ಣ ಬಾಗಿಲು ತೆರೆದ ಮೇಲೆ ಅದರಲ್ಲಿ ಏನೆಲ್ಲ ನುಗ್ಗಿತು ಅನ್ನುವುದು ಚರಿತ್ರೆಯಲ್ಲಿದೆ. ಜೆರುಸಲೇಮಿಗೆ ಹೊರಟ ಕ್ರೈಸ್ತರ ಧರ್ಮಯುದ್ಧಗಳು. 1560ರಲ್ಲಿ ಗೋವಾದಲ್ಲಿ ಶುರುವಾದ ಮತವಿಚಾರಣೆ, ಇಂಕ್ವಿಸಿಷನ್, ಅಂದರೆ ಚರ್ಚಿನ ನಂಬಿಕೆಗೆ ತಪ್ಪಿದರು ಅಂತ ಜನರನ್ನು ವಿಚಾರಿಸಿ ಶಿಕ್ಷಿಸುವ ನ್ಯಾಯಾಲಯ. ನಮ್ಮ ಕರಾವಳಿಯ ಎಷ್ಟೋ ಕೊಂಕಣಿ ಮನೆಗಳ ಹಿರಿಯರು, ಹಿಂದೂಗಳೂ ಕ್ರೈಸ್ತರೂ, ಪೋರ್ಚುಗೀಸರ ಆಳ್ವಿಕೆಯ ಆ ಕಾಲದಲ್ಲೇ ಗೋವಾ ಬಿಟ್ಟು ಬಂದವರು. ನಮ್ಮ ಕಡೆ, 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ವ್ಯಾನಿನಲ್ಲಿ ಮಲಗಿದ್ದ ಆಸ್ಟ್ರೇಲಿಯದ ಕ್ರೈಸ್ತ ಮಿಷನರಿ ಗ್ರಹಾಂ ಸ್ಟೇನ್ಸ್ ಅವರನ್ನು, 10 ವರ್ಷದ ಮತ್ತು 6 ವರ್ಷದ ಇಬ್ಬರು ಗಂಡುಮಕ್ಕಳ ಜೊತೆ ಸುಟ್ಟರು. ಅವರ ಹೆಂಡತಿ ಗ್ಲಾಡಿಸ್, ಕೊಂದವರನ್ನು ಕ್ಷಮಿಸಿದ್ದೇನೆ ಅಂದರು. ಹಾಗಂದು ಸುಮ್ನೆ ತಮ್ಮ ದೇಶಕ್ಕೆ ಹೊರಟುಹೋಗಲಿಲ್ಲ, ಬಾರಿಪದಾದಲ್ಲೇ ಉಳಿದು ವರ್ಷಗಟ್ಟಲೆ ಕುಷ್ಠರೋಗಿಗಳ ಸೇವೆ ಮಾಡಿದರು.

ವನಪರ್ವದ ಒಂದು ಕಥೆ ಹೇಳಲೇಬೇಕು. ಕೌಶಿಕ ಅಂತ ಒಬ್ಬ ಬ್ರಾಹ್ಮಣ. ಮರದ ಕೆಳಗೆ ಕೂತಿದ್ದಾಗ ಮೇಲಿಂದ ಕೊಕ್ಕರೆ ಹಿಕ್ಕೆ ಹಾಕುತ್ತದೆ. ಇವನು ಸಿಟ್ಟಿನಿಂದ ನೋಡಿದ್ದೇ ತಡ, ಹಕ್ಕಿ ಸತ್ತು ಬೀಳುತ್ತದೆ. ಆಮೇಲೆ ಭಿಕ್ಷೆಗೆ ಹೋದಲ್ಲಿ ಮನೆಯಾಕೆ ತಡ ಮಾಡುತ್ತಾಳೆ. ಅವಳ ಮೇಲೂ ಕಣ್ಣು ಕೆಂಪು ಮಾಡಿದರೆ ಅವಳು, ನಾನು ಕೊಕ್ಕರೆಯಲ್ಲ ಸ್ವಾಮಿ ಅನ್ನುತ್ತಾಳೆ. ಧರ್ಮ ಕಲಿಯಬೇಕಾದರೆ ಮಿಥಿಲೆಯ ಮಾಂಸದ ಅಂಗಡಿಗೆ ಹೋಗು ಅಂತ ಕಳಿಸುತ್ತಾಳೆ. ಅಲ್ಲಿನ ಧರ್ಮವ್ಯಾಧ ಹೇಳುವುದನ್ನು ಕೇಳಿ. ನೇಗಿಲು ಹೂಡಿದರೆ ಮಣ್ಣಿನೊಳಗೆ ಎಷ್ಟೋ ಹುಳ ಸಾಯುತ್ತವೆ, ನಾವು ತಿನ್ನುವ ಭತ್ತದ ಕಾಳಲ್ಲೂ ಜೀವವಿದೆ, ನಡೆದರೂ ಕಾಲಡಿಯಲ್ಲಿ ಏನೋ ಸಾಯುತ್ತದೆ, ಹಿಂಸೆಯೇ ಇಲ್ಲದೆ ಬದುಕುವವರು ಯಾರಿದ್ದಾರೆ? ಯತ್ನದಿಂದ ಕಡಿಮೆ ಮಾಡಬಹುದು ಅಷ್ಟೆ. ಇಂಥ ಮಾತು ನನಗೆ ಬೈಬಲಿನಲ್ಲಿ ಸಿಗಲಿಲ್ಲ. ಆದರೆ ಕಥೆಯ ಶುರುವಿನಲ್ಲಿರುವ ಆ ಸಿಟ್ಟಿನ ನೋಟ ಇದೆಯಲ್ಲ, ಅದು ಅಲ್ಲಿದೆ. ಕೊಲ್ಲಬೇಡ ಅಂತ ಹಿರಿಯರು ಹೇಳಿದ್ದನ್ನು ಕೇಳಿದ್ದೀರಿ, ಅಣ್ಣತಮ್ಮನ ಮೇಲೆ ಸಿಟ್ಟಾದವನೂ ನ್ಯಾಯತೀರ್ಪಿಗೆ ಗುರಿಯಾಗುತ್ತಾನೆ ಅಂತ ಯೇಸು ಹೇಳಿದ್ದು ಅದನ್ನೇ.

ಇನ್ನೂ ಒಂದು ಕಡೆ ಎರಡೂ ಸೇರುತ್ತವೆ. ಗೆತ್ಸೆಮನೆ ತೋಟದಲ್ಲಿ ಯೇಸುವನ್ನು ಹಿಡಿಯಲು ಬಂದಾಗ ಶಿಷ್ಯ ಪೇತ್ರ ಕತ್ತಿ ಬೀಸಿ ಒಬ್ಬ ಆಳಿನ ಕಿವಿ ಕತ್ತರಿಸುತ್ತಾನೆ. ಕತ್ತಿ ಒಳಗಿಡು, ಕತ್ತಿ ಹಿಡಿದವರೆಲ್ಲ ಕತ್ತಿಯಿಂದಲೇ ಸಾಯುತ್ತಾರೆ ಅನ್ನುತ್ತಾರೆ ಯೇಸು. ಬಸವಣ್ಣನವರ ವಚನದಲ್ಲಿ ಹಬ್ಬಕ್ಕೆ ತಂದ ಹರಕೆಯ ಕುರಿ ತೋರಣಕ್ಕೆ ತಂದ ತಳಿರನ್ನು ಮೇಯುತ್ತಿರುತ್ತದೆ. ಕೊನೆಯ ಸಾಲು, ‘ಕೊಂದವರುಳಿದರೆ ಕೂಡಲಸಂಗಮದೇವಾ?’ ಒಂದು ಕಡೆ ಶಿಷ್ಯನ ಕೈಯಲ್ಲಿ ಕತ್ತಿ, ಇನ್ನೊಂದು ಕಡೆ ಬಾಯಲ್ಲಿ ಚಿಗುರು ಇಟ್ಟುಕೊಂಡ ಕುರಿ. ಮಾತು ಒಂದೇ.

ಲಂಡನ್ನಿನಲ್ಲಿ ಓದುವಾಗ ಗಾಂಧೀಜಿ ಗೀತೆಯನ್ನೂ ಬೆಟ್ಟದ ಪ್ರಸಂಗವನ್ನೂ ಒಂದೇ ಕಾಲದಲ್ಲಿ ಓದಿದರು, ಎರಡನ್ನೂ ಮನಸ್ಸಿನಲ್ಲೇ ಹೊಂದಿಸಿಕೊಳ್ಳಲು ನೋಡಿದರು. ಮುಂದೆ ಅಮೆರಿಕದ ಒಬ್ಬ ಪಾದ್ರಿ, ಪ್ರೇರಣೆ ಕ್ರಿಸ್ತನಿಂದ ಬಂತು, ದಾರಿ ಗಾಂಧಿಯಿಂದ ಬಂತು ಅಂದರು. ಮಾರ್ಟಿನ್ ಲೂಥರ್ ಕಿಂಗ್.

1956ರ ಜನವರಿ 30. ಗಾಂಧೀಜಿಯನ್ನು ಕೊಂದು ಸರಿಯಾಗಿ 8 ವರ್ಷ. ಅಮೆರಿಕದ ಮಾಂಟ್ಗೊಮರಿ ಊರಿನಲ್ಲಿ, ಬಸ್ಸಿನಲ್ಲಿ ಬಣ್ಣ ನೋಡಿ ಮಾಡುತ್ತಿದ್ದ ಭೇದವನ್ನು ವಿರೋಧಿಸಿ ಕಪ್ಪು ಜನ ಬಸ್ಸು ಹತ್ತುವುದನ್ನು ಬಿಟ್ಟು ಆಗಲೇ ಸುಮಾರು ಎರಡು ತಿಂಗಳಾಗಿತ್ತು. ಕಿಂಗ್ ಅವರಿಗೆ 27 ವರ್ಷ, ಸಭೆಯಲ್ಲಿದ್ದರು. ಮನೆಯ ಜಗಲಿಯ ಮೇಲೆ ಬಾಂಬ್ ಬಿತ್ತು. ಒಳಗೆ ಹೆಂಡತಿ ಕೊರೆಟ್ಟಾ, ಹುಟ್ಟಿ ಮೂರು ತಿಂಗಳೂ ಆಗದ ಮಗಳು. ಇಬ್ಬರಿಗೂ ಏನೂ ಆಗಿರಲಿಲ್ಲ. ಕಿಂಗ್ ಓಡಿ ಬರುವಷ್ಟರಲ್ಲಿ ಮನೆ ಮುಂದೆ ಜನ ಸೇರಿದ್ದರು, ಕೆಲವರ ಕೈಯಲ್ಲಿ ಬಂದೂಕು ಇತ್ತು. ಒಡೆದ ಅದೇ ಜಗಲಿಯ ಮೇಲೆ ನಿಂತು ಅವರು, ಆಯುಧ ತಂದಿದ್ದರೆ ಮನೆಗೆ ತೆಗೆದುಕೊಂಡು ಹೋಗಿ ಅಂದರು. ಗೆತ್ಸೆಮನೆಯ ಆ ಕತ್ತಿಯ ಮಾತನ್ನೇ ನೆನಪಿಸಿದರು. ವೈರಿಗಳನ್ನು ಪ್ರೀತಿಸಬೇಕು ಅಂದರು. ಜನ ಚದುರಿದರು.

ಆ ದಿನಗಳಲ್ಲಿ ಅವರ ಮನೆಯಲ್ಲೇ ಒಂದು ಬಂದೂಕಿತ್ತು. ಬಾಂಬ್ ಬಿದ್ದ ಮೇಲೆ ಆಯುಧ ಇಟ್ಟುಕೊಂಡು ಓಡಾಡಲು ಪರವಾನಗಿಯನ್ನೂ ಕೇಳಿದ್ದರು. ಸಿಗಲಿಲ್ಲ. ಆಮೇಲೆ ಗಂಡ ಹೆಂಡತಿ ಕೂತು ಹಲವು ದಿನ ಮಾತಾಡಿದರು. ಕೊನೆಗೆ ಇದ್ದ ಆ ಒಂದನ್ನೂ ಮನೆಯಿಂದ ಕಳಿಸಿಬಿಟ್ಟರು. ಬಂದೂಕು ಮನೆಯಲ್ಲಿದ್ದಾಗಲೇ ನನಗೆ ಹೆದರಿಕೆ ಜಾಸ್ತಿ ಇತ್ತು ಅಂತ ಕಿಂಗ್ ಆಮೇಲೆ ಹೇಳಿದರು.