ಒಂಬತ್ತು ಬೇಕು, ಒಂಬತ್ತು ಬೇಡ

ಎಲ್ಲರಿಗೂ ನಮಸ್ಕಾರ.

ಅತಂತ್ರ ಫಲಿತಾಂಶ ಅಂದ ಕೂಡಲೇ ನಮ್ಮ ಕಣ್ಮುಂದೆ ರಾಜಭವನ, ರೆಸಾರ್ಟು, ಶಾಸಕರು ತುಂಬಿದ ಬಸ್ಸು ಬರುತ್ತವೆ. ಇವತ್ತಿನ ಕಥೆಯಲ್ಲಿ ಅವು ಯಾವುವೂ ಇಲ್ಲ. ಇದು ಬ್ರಿಟನ್ನಿನ ಭಾಗವಾದ ವೇಲ್ಸ್‌ನದ್ದು, 2007ರದ್ದು. ಅಲ್ಲಿನ ನಾಯಕರು ಎದುರು ಪಕ್ಷದವರ ಜೊತೆ ಬೇಗನೇ ಮಾತು ಕುದುರಿಸಿಕೊಂಡರು. ಸುಸ್ತಾಗಿದ್ದು ತಮ್ಮದೇ ಪಕ್ಷದವರನ್ನು ಒಪ್ಪಿಸುವುದರಲ್ಲಿ.

ಮೊದಲು ಲೆಕ್ಕ ನೋಡೋಣ. ವೇಲ್ಸ್‌ನ ರಾಜಧಾನಿ ಕಾರ್ಡಿಫ್‌ನ ಅಸೆಂಬ್ಲಿಯಲ್ಲಿ ಆಗ 60 ಸ್ಥಾನ. 40 ಕ್ಷೇತ್ರಗಳಿಗೆ ನೇರ ಚುನಾವಣೆ, ಉಳಿದ 20 ಪ್ರಾದೇಶಿಕ ಪಟ್ಟಿಯಿಂದ, ಪಕ್ಷಗಳ ಮತಪ್ರಮಾಣ ನೋಡಿ. ಹಾಗಾಗಿ ಒಂದೇ ಪಕ್ಷಕ್ಕೆ ಬಹುಮತ ಸಿಗುವುದು ಕಷ್ಟ. ಮೇ 3ರಂದು ಮತದಾನ ಆಯಿತು. ಲೇಬರ್‌ಗೆ 26, ವೇಲ್ಸ್‌ನ ರಾಷ್ಟ್ರೀಯವಾದಿ ಪಕ್ಷ ಪ್ಲೈಡ್ ಕಮ್ರಿಗೆ 15, ಕನ್ಸರ್ವೇಟಿವ್‌ಗೆ 12, ಲಿಬರಲ್ ಡೆಮಾಕ್ರಾಟ್‌ಗೆ 6, ಪಕ್ಷೇತರರು ಒಬ್ಬರು. ಬಹುಮತಕ್ಕೆ ಬೇಕಾದದ್ದು 31. ಚುನಾವಣೆಯಾದ 28 ದಿನದೊಳಗೆ ಅಸೆಂಬ್ಲಿಯೇ ಫಸ್ಟ್ ಮಿನಿಸ್ಟರನ್ನು, ಅಂದರೆ ಸರ್ಕಾರದ ಮುಖ್ಯಸ್ಥರನ್ನು, ಆರಿಸಬೇಕು. ಇಲ್ಲದಿದ್ದರೆ ಮತ್ತೆ ಚುನಾವಣೆ.

ಲೇಬರ್ ಬಿಟ್ಟು ಉಳಿದ ಮೂರು ಪಕ್ಷ ಸೇರಿದರೆ 33. ಸಾಕಲ್ವಾ? ಕಾಗದದ ಮೇಲೆ ಸಾಕು. ಮೂವರೂ ಕೂತು ಒಪ್ಪಂದವನ್ನೂ ಬರೆದರು. ಜನ ಅದನ್ನು ಕಾಮನಬಿಲ್ಲಿನ ಕೂಟ ಅಂದರು. ಪ್ಲೈಡ್ ನಾಯಕ ಯೇಯನ್ ವಿನ್ ಜೋನ್ಸ್ ಸರ್ಕಾರದ ಮುಖ್ಯಸ್ಥ ಆಗಬೇಕಿತ್ತು. ಕನ್ಸರ್ವೇಟಿವ್ ನಾಯಕ ನಿಕ್ ಬೋರ್ನ್‌ಗೂ ಖುಷಿಯೇ. ಕಾರ್ಡಿಫ್‌ನಲ್ಲಿ ಅವರ ಪಕ್ಷ ಒಮ್ಮೆಯೂ ಅಧಿಕಾರ ಕಂಡಿರಲಿಲ್ಲ.

ಮೇ 23ರಂದು ಲಿಬರಲ್ ಡೆಮಾಕ್ರಾಟರ ಕಾರ್ಯಕಾರಿಣಿ ಸೇರಿತು. ಮತ ಹಾಕಿದರು. ಒಂಬತ್ತು ಮಂದಿ ಬೇಕು ಅಂದರು, ಒಂಬತ್ತು ಮಂದಿ ಬೇಡ ಅಂದರು! ನಿರ್ಣಾಯಕ ಮತಕ್ಕೆ ಅವಕಾಶ ಇರಲಿಲ್ಲ. ಒಪ್ಪಂದ ಅಲ್ಲೇ ಬಿತ್ತು. ಮೂರು ಪಕ್ಷಗಳಲ್ಲಿ ಅತಿ ಚಿಕ್ಕದು, ಆರೇ ಸದಸ್ಯರು. ಅದರ ಒಳಗಿನ ಹದಿನೆಂಟು ಜನ ಒಂದು ಸರ್ಕಾರವನ್ನು ಹುಟ್ಟುವ ಮೊದಲೇ ನಿಲ್ಲಿಸಿದರು. ಎರಡು ದಿನದ ನಂತರ ಲೇಬರ್‌ನ ರೊದ್ರಿ ಮಾರ್ಗನ್ ಎದುರಾಳಿಯೇ ಇಲ್ಲದೆ ಫಸ್ಟ್ ಮಿನಿಸ್ಟರ್ ಆಗಿ ಆಯ್ಕೆಯಾದರು, ಆದರೆ ಬಹುಮತ ಇರಲಿಲ್ಲ. ಮಾರನೇ ದಿನ, ಮೇ 26ಕ್ಕೆ, ಲಿಬರಲ್ ಡೆಮಾಕ್ರಾಟರ ವಿಶೇಷ ಸಮ್ಮೇಳನ ನಡೆಯಿತು. ಅದು ಕೂಟಕ್ಕೆ ಒಪ್ಪಿಗೆ ಕೊಟ್ಟಿತು! ಮುಹೂರ್ತ ಮೀರಿದ ಮೇಲೆ ಮದುವೆಗೆ ಹೂಂ ಅಂದ ಹಾಗೆ.

ಸುಮ್ನೆ ನಗಬೇಡಿ. ಆ ಹಿಂಜರಿಕೆಗೆ ಕಾರಣವೂ ಇತ್ತು. ಕನ್ಸರ್ವೇಟಿವ್ ಜೊತೆ ಕೂತರೆ ತಮ್ಮ ಮತದಾರರು ಏನಂದಾರು ಅನ್ನುವ ಅಳುಕು ಅದು. ಈ ಅಳುಕು ಪ್ಲೈಡ್‌ನಲ್ಲಿ ಇನ್ನೂ ಜಾಸ್ತಿ ಇತ್ತು. ದಕ್ಷಿಣ ವೇಲ್ಸ್‌ನ ಕಣಿವೆಗಳು ಕಲ್ಲಿದ್ದಲ ಗಣಿಯ ನಾಡು. 1984-85ರ ಮುಷ್ಕರ, ಆಮೇಲೆ ಮುಚ್ಚಿದ ಗಣಿಗಳು, ಕನ್ಸರ್ವೇಟಿವ್ ಪಕ್ಷದ ಥ್ಯಾಚರ್ ಸರ್ಕಾರ, ಯಾವುದನ್ನೂ ಅಲ್ಲಿನವರು ಮರೆತಿಲ್ಲ. ಆ ಕಣಿವೆಯವರೇ ಆದ ಲಿಯಾನ್ ವುಡ್ ಸೇರಿ ಪ್ಲೈಡ್‌ನ ಕೆಲವು ಸದಸ್ಯರು ಕನ್ಸರ್ವೇಟಿವ್ ಸಹವಾಸ ಬೇಡ ಎಂದು ಬಹಿರಂಗವಾಗಿಯೇ ಹೇಳಿದರು.

ಜೋನ್ಸ್ ಮುಂದೆ ಈಗ ಎರಡು ದಾರಿ. ಕೂಟವನ್ನು ಮತ್ತೆ ಎಬ್ಬಿಸಿ ತಾವೇ ಮುಖ್ಯಸ್ಥರಾಗುವುದು ಒಂದು. ಲೇಬರ್ ಜೊತೆ ಸೇರಿ ಎರಡನೇ ಕುರ್ಚಿಯಲ್ಲಿ ಕೂರುವುದು ಇನ್ನೊಂದು. ಅವರು ಎರಡನೆಯದನ್ನು ಹಿಡಿದರು. ನನ್ನ ಪ್ರಕಾರ ಇದು ಜಾಣ ನಡೆ. ಅಸೆಂಬ್ಲಿಗೆ ಪೂರ್ಣ ಕಾನೂನು ಮಾಡುವ ಅಧಿಕಾರ ಬೇಕೆನ್ನುವುದು ಪ್ಲೈಡ್‌ನ ಹಳೆಯ ಆಸೆ. ಅದಕ್ಕೆ ಜನಮತಗಣನೆ ಬೇಕು. ವೇಲ್ಸ್‌ನಲ್ಲಿ ಲೇಬರ್‌ನ ಬೆಂಬಲ ಇಲ್ಲದೆ ಅದನ್ನು ಗೆಲ್ಲುವುದು ಆಗದ ಮಾತು.

ಲೇಬರ್‌ನಲ್ಲೂ ಗೊಣಗಾಟ ಇತ್ತು. ಪಕ್ಷದ ಮಾಜಿ ನಾಯಕ ನೀಲ್ ಕಿನಕ್ ವಿರೋಧಿಸಿದರು. ಲಂಡನ್‌ನಲ್ಲಿದ್ದ ಎಷ್ಟೋ ವೇಲ್ಸ್ ಸಂಸದರಿಗೆ ರಾಷ್ಟ್ರೀಯವಾದಿಗಳು ಅಂದರೆ ಆಗುತ್ತಲೇ ಇರಲಿಲ್ಲ. ಆದರೂ ಜೂನ್ 27ಕ್ಕೆ 'ಒನ್ ವೇಲ್ಸ್' ಒಪ್ಪಂದ ಹೊರಬಂತು. ಜುಲೈ ಮೊದಲ ವಾರದಲ್ಲಿ ಎರಡೂ ಪಕ್ಷಗಳ ಸಭೆಗಳು ಒಪ್ಪಿದವು. ಜೋನ್ಸ್ ಉಪ ಮುಖ್ಯಸ್ಥರಾದರು.

2011ರ ಮಾರ್ಚ್ 3ರಂದು ಜನಮತಗಣನೆ ನಡೆಯಿತು. ಶೇ. 63.5 ಮಂದಿ ಹೌದು ಅಂದರು. ಪ್ಲೈಡ್ ಕೇಳಿದ್ದು ಸಿಕ್ಕಿತು. ಎರಡು ತಿಂಗಳ ನಂತರ ಅಸೆಂಬ್ಲಿ ಚುನಾವಣೆ. ಲೇಬರ್ 30ಕ್ಕೆ ಏರಿತು. ಪ್ಲೈಡ್ 11ಕ್ಕೆ ಇಳಿದು ಮೂರನೇ ಸ್ಥಾನಕ್ಕೆ ಹೋಯಿತು. ಆ ಹೊಸ ಅಧಿಕಾರ ಚಲಾಯಿಸಿದ್ದು ಲೇಬರ್, ಒಂಟಿಯಾಗಿ.