ಕಲಬುರಗಿ ಬಿಸಿಲಿಗೆ ತಕ್ಕ ಕ್ಯಾಬಿನೆಟ್

ಕೇಳುಗರಿಗೆ ನಮಸ್ಕಾರ.

ಗೇಮಿಂಗ್ ಕಂಪ್ಯೂಟರನ್ನು ತಾವೇ ಜೋಡಿಸಿಕೊಳ್ಳುವ ಹುಮ್ಮಸ್ಸು ನಮ್ಮ ಯುವಕರಲ್ಲಿದೆ. ಗ್ರಾಫಿಕ್ಸ್ ಕಾರ್ಡ್ ಯಾವುದು, ಪ್ರೊಸೆಸರ್ ಯಾವುದು ಎಂದು ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಇವನ್ನೆಲ್ಲ ಕೂಡಿಸಿಡುವ ಪೆಟ್ಟಿಗೆ, ಅಂದರೆ ಕ್ಯಾಬಿನೆಟ್ ಸರದಿ ಬರುವಾಗ ಕೈಯಲ್ಲಿ ಉಳಿದಷ್ಟು ದುಡ್ಡಿಗೆ ದೀಪ ಮಿನುಗುವ ಗಾಜಿನ ಪೆಟ್ಟಿಗೆಯೊಂದನ್ನು ಎತ್ತಿಕೊಂಡು ಬರುತ್ತಾರೆ. ಬೆಂಗಳೂರಿನ ಹವೆಗೆ ಅದು ನಡೆದೀತು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿಯಲ್ಲಿ ನಡೆಯದು.

ಫ್ಯಾನ್ ಎಷ್ಟೇ ಜೋರಾಗಿ ತಿರುಗಲಿ, ಗಾಳಿಯನ್ನು ತಂಪು ಮಾಡುವುದಿಲ್ಲ. ಕೋಣೆಯ ಗಾಳಿಯನ್ನೇ ಒಳಗೆ ತಳ್ಳುತ್ತದೆ. ಕೋಣೆಯಲ್ಲಿ 38 ಡಿಗ್ರಿ ಇದ್ದರೆ ಒಳಗಿನ ಭಾಗಗಳ ಬಿಸಿ ಅಲ್ಲಿಂದಲೇ ಮೇಲೇರುತ್ತದೆ. ಮಿತಿ ಮೀರಿದಾಗ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ವೇಗ ತಗ್ಗಿಸುತ್ತದೆ, ಆಟ ತಡವರಿಸುತ್ತದೆ. ಹಾಗಾಗಿ ಮುಂಭಾಗಕ್ಕೆ ಗಾಜು ಬೇಡ, ಜಾಲರಿ ಇರಲಿ.

ಜಾಲರಿಯಾದರೆ ಧೂಳು ನುಗ್ಗುವುದಿಲ್ಲವೇ ಎಂದು ಕೇಳುತ್ತೀರಿ. ತೊಗರಿ ಮಿಲ್ಲುಗಳ ಊರಿನಲ್ಲಿ ಇದು ನ್ಯಾಯವಾದ ಪ್ರಶ್ನೆಯೇ. ಆದರೆ ಮುಂಭಾಗ ಮುಚ್ಚಿದ ಪೆಟ್ಟಿಗೆಯಲ್ಲೂ ಹಿಂದಿನ ಫ್ಯಾನ್ ಗಾಳಿಯನ್ನು ಹೊರಗೆ ಎಳೆಯುತ್ತಲೇ ಇರುತ್ತದೆ. ಖಾಲಿಯಾದ ಜಾಗ ತುಂಬಲು ಸಿಕ್ಕ ಸಿಕ್ಕ ಸಂದಿಯಿಂದ ಗಾಳಿ ಒಳಬರುತ್ತದೆ, ಜೊತೆಗೆ ಸೋಸದ ಧೂಳು. ಬದಲಿಗೆ ಮುಂದೆ 120 ಅಥವಾ 140 ಮಿಲಿಮೀಟರಿನ ಎರಡು ಫ್ಯಾನ್ ಒಳಗೆ ಊದಲಿ, ಹಿಂದೆ ಒಂದೇ ಹೊರಗೆ ಹಾಕಲಿ. ಆಗ ಒಳಗೆ ಗಾಳಿ ಹೆಚ್ಚಾಗಿ, ಸಂದಿಗಳಿಂದ ಹೊರಕ್ಕೇ ಹರಿಯುತ್ತದೆ. ಒಳದಾರಿ ಫಿಲ್ಟರ್ ಮೂಲಕ ಮಾತ್ರ. ಪರೀಕ್ಷಿಸಬೇಕೆ? ಕಂಪ್ಯೂಟರ್ ಓಡುತ್ತಿರುವಾಗ ಹಿಂಬದಿಯ ಸಂದಿಯ ಬಳಿ, ತುಸು ದೂರದಿಂದಲೇ, ಊದುಬತ್ತಿ ಹಿಡಿಯಿರಿ. ಹೊಗೆ ಒಳಗೆ ಹೋದರೆ ಹೊರಹಾಕುವ ಫ್ಯಾನ್‌ನದೇ ಮೇಲುಗೈ. ಅದರ ವೇಗ ತಗ್ಗಿಸಿ.

ಅಂಗಡಿಯಲ್ಲಿ ಫಿಲ್ಟರನ್ನು ಸ್ವತಃ ಎಳೆದು ನೋಡಿ. ಸ್ಕ್ರೂ ಬಿಚ್ಚದೆ ಕೈಗೆ ಬರಬೇಕು. ಕಷ್ಟವಾದರೆ ನೀವು ಅದನ್ನು ತೊಳೆಯುವುದಿಲ್ಲ, ಮುಗಿಯಿತು. ಕಂಪ್ಯೂಟರಿಗೆ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಕೆಳಗಿನ ಫಿಲ್ಟರನ್ನೂ ಮರೆಯಬೇಡಿ. ನಲ್ಲಿಯ ಕೆಳಗೆ ತೊಳೆದು ಪೂರ್ತಿ ಒಣಗಿದ ಮೇಲೆ ಕೂಡಿಸಿ. ಧೂಳು ಹಾರಿಸಲು ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆಯಿರಿ. ಗಿರಗಿರನೆ ತಿರುಗಿದರೆ ಬೇರಿಂಗ್ ಹಾಳಾದೀತು. ಏರ್ ಕೂಲರ್ ಎದುರಿಗೇ ಕಂಪ್ಯೂಟರ್ ಇಡುವ ಜಾಣರೂ ಇದ್ದಾರೆ. ಒದ್ದೆ ಗಾಳಿಗೆ ಧೂಳು ಮೆತ್ತಿಕೊಳ್ಳುತ್ತದೆ, ಮತ್ತೆ ಬಿಡಿಸುವುದು ಸುಲಭವಲ್ಲ.

ಅಳತೆಯ ವಿಷಯ ಚಿಕ್ಕದು. ಭಾಗಗಳನ್ನು ಕೂಡಿಸುವ ಮುಖ್ಯ ಫಲಕವಾದ ಮದರ್‌ಬೋರ್ಡಿಗೆ ಗೊತ್ತಾದ ಅಳತೆಗಳಿವೆ: ಎಟಿಎಕ್ಸ್ 305ಕ್ಕೆ 244 ಮಿಲಿಮೀಟರ್, ಮೈಕ್ರೋ ಎಟಿಎಕ್ಸ್ 244ಕ್ಕೆ 244. ದೊಡ್ಡ ಗ್ರಾಫಿಕ್ಸ್ ಕಾರ್ಡುಗಳು 300 ದಾಟುತ್ತವೆ. ಕಾರ್ಡಿನ ಉದ್ದ, ಪ್ರೊಸೆಸರ್ ಮೇಲೆ ಕೂರುವ ಕೂಲರಿನ ಎತ್ತರ ಎರಡನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅಗ್ಗದ ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ಎಸ್‌ಎಂಪಿಎಸ್ ಮಾತ್ರ ಗೇಮಿಂಗಿಗೆ ಬೇಡವೇ ಬೇಡ.

ಪಕ್ಕದ ಗಾಜು ಬೇಕೇ ಬೇಕೆಂದರೆ ಇರಲಿ, ಗಾಳಿಗೆ ಅದರಿಂದ ಅಡ್ಡಿಯಿಲ್ಲ. ಬಿಚ್ಚಿದಾಗ ನೆಲಕ್ಕೆ ಊರಿ ನಿಲ್ಲಿಸಬೇಡಿ. ಇಂಥ ಟೆಂಪರ್ಡ್, ಅಂದರೆ ಕಾಯಿಸಿ ಗಟ್ಟಿ ಮಾಡಿದ ಗಾಜು ನಡುವೆ ಪೆಟ್ಟು ತಾಳುತ್ತದೆ, ಅಂಚಿಗೆ ತಾಗಿದರೆ ಇಡಿಯಾಗಿ ಪುಡಿಯಾಗುತ್ತದೆ. ನೆಲಕ್ಕೆ ಹಾಸುವ ನಮ್ಮ ಶಹಾಬಾದ್ ಕಲ್ಲು ಸುಣ್ಣದ ಕಲ್ಲಾದ್ದರಿಂದ ಗಾಜಿಗಿಂತ ಮೃದು. ಈಗಿನ ಟೈಲ್ಸ್ ನೆಲ ಅಷ್ಟು ಕರುಣೆ ತೋರುವುದಿಲ್ಲ. ಮಡಚಿದ ಚಾದರದ ಮೇಲೆ ಮಲಗಿಸಿಡಿ. ನಮಸ್ಕಾರ.