ಗ್ಯಾಸ್ ಅಂತ ಸುಮ್ಮನಾಗಬೇಡಿ

ಕೇಳುಗರೆಲ್ಲರಿಗೂ ನಮಸ್ಕಾರ. ನಾನು ಹೇಳಬೇಕಾದ್ದು ಒಂದೇ ಮಾತು: ವಾರಗಟ್ಟಲೆ ಬಿಡದ ಅಜೀರ್ಣಕ್ಕೆ ಗ್ಯಾಸ್ ಮಾತ್ರೆ ನುಂಗುತ್ತಾ ಕೂರಬೇಡಿ, ಪರೀಕ್ಷೆ ಮಾಡಿಸಿ.

ಹೊಟ್ಟೆ ಉಬ್ಬರ, ಹುಳಿತೇಗು ಯಾರಿಗೆ ಬರುವುದಿಲ್ಲ ಹೇಳಿ? ಬರುತ್ತದೆ, ಹೋಗುತ್ತದೆ. ಆದರೆ ಕೆಲವರಲ್ಲಿ ರೋಗಾಣುಗಳ ಜೊತೆ ಕಾದಾಡಬೇಕಾದ ರೋಗನಿರೋಧಕ ಶಕ್ತಿ ತಮ್ಮದೇ ಕರುಳಿನ ಮೇಲೆ ತಿರುಗಿಬೀಳುತ್ತದೆ, ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ದೊಡ್ಡ ಕರುಳಿನ ಒಳಪದರದಲ್ಲಷ್ಟೇ ಉರಿಯೂತ, ಹುಣ್ಣು ಆದರೆ ಅಲ್ಸರೇಟಿವ್ ಕೊಲೈಟಿಸ್. ಬಾಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಬರಬಹುದಾದದ್ದು ಕ್ರೋನ್ಸ್. ಗೋಧಿಯಲ್ಲಿರುವ ಗ್ಲುಟೆನ್ ಅನ್ನುವ ಪ್ರೋಟೀನ್‌ಗೆ ಕೆರಳಿ ಸಣ್ಣ ಕರುಳು ಹಾಳಾದರೆ ಸೀಲಿಯಾಕ್.

ಈ ಸೀಲಿಯಾಕ್ ಕಥೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಹಿಂದೆ ಇದು ಬಂದ ಮಕ್ಕಳಿಗೆ ಹೊಟ್ಟೆ ಡೊಳ್ಳಿನಂತೆ, ಕೈಕಾಲು ಕಡ್ಡಿ, ನಿಲ್ಲದ ಭೇದಿ. ಎಷ್ಟೋ ಮಕ್ಕಳು ಉಳಿಯುತ್ತಿರಲಿಲ್ಲ. 1924ರಲ್ಲಿ ಅಮೆರಿಕದ ಡಾಕ್ಟರ್ ಸಿಡ್ನಿ ಹಾಸ್ ಬಾಳೆಹಣ್ಣಿನ ಪಥ್ಯ ಕೊಟ್ಟರು. ಮಕ್ಕಳು ಚೇತರಿಸಿಕೊಂಡರು. ಸರಿ, ಎಲ್ಲರೂ ಬಾಳೆಹಣ್ಣಿಗೆ ಕೈಮುಗಿದರು! ಆ ಪಥ್ಯದಲ್ಲಿ ಬ್ರೆಡ್ ಇರಲಿಲ್ಲ ಅನ್ನುವುದು ಯಾರ ತಲೆಗೂ ಹೋಗಲಿಲ್ಲ. ನೆದರ್ಲೆಂಡ್ಸ್‌ನ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆಗೆ ಮಾತ್ರ ಗೋಧಿಯ ಮೇಲೆ ಎರಡನೇ ಮಹಾಯುದ್ಧಕ್ಕೂ ಮೊದಲೇ ಗುಮಾನಿ. 1944-45ರ ಚಳಿಗಾಲದಲ್ಲಿ ಅಲ್ಲಿ ಭೀಕರ ಬರಗಾಲ ಬಂತು, ಬ್ರೆಡ್ ಸಿಗುವುದೇ ಕಷ್ಟವಾಯಿತು. ದೇಶವೇ ಹಸಿದು ಕೂತಿದ್ದಾಗ ಈ ಕಾಯಿಲೆಯ ಮಕ್ಕಳು ಮಾತ್ರ ಸುಧಾರಿಸಿದರು, ಬ್ರೆಡ್ ಮತ್ತೆ ಬಂದಾಗ ಮತ್ತೆ ಮಲಗಿದರು. 1950ರಲ್ಲಿ ಡಿಕ್ಕೆ ಈ ಮಕ್ಕಳಿಗೆ ಗೋಧಿಯಿಂದಾಗುವ ಹಾನಿಯನ್ನು ಪ್ರಬಂಧವಾಗಿ ಬರೆದರು. ನೋಡಿ, ವರ್ಷಗಟ್ಟಲೆ ಮಕ್ಕಳ ತಟ್ಟೆಯಲ್ಲೇ ಇತ್ತಲ್ವಾ ಕಾರಣ?

ಅಯ್ಯೋ, ಸಮಯ ಆಗಿಹೋಯಿತು ಅಂತ ಒಳಗಿನಿಂದ ಕೈ ತೋರಿಸುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ನಿದ್ದೆಯಿಂದ ಎಬ್ಬಿಸುವ ಭೇದಿ, ರಕ್ತಹೀನತೆ, ಹೊಟ್ಟೆಯ ತೊಂದರೆಯ ಜೊತೆಗೆ ಕೀಲುನೋವು ಅಥವಾ ಕಣ್ಣು ಕೆಂಪಾಗುವುದು, ಇವುಗಳಲ್ಲಿ ಒಂದಿದ್ದರೂ ಸುಮ್ನೆ ಕೂರಬೇಡಿ, ಪರೀಕ್ಷೆ ಮಾಡಿಸಿ. ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಅನ್ನುವ ಪ್ರೋಟೀನ್ ಜಾಸ್ತಿ ಇದ್ದರೆ ಕರುಳಿನಲ್ಲಿ ಉರಿಯೂತ ಇರಬಹುದು ಅಂತ, ಆಗ ಕೊಲೊನೋಸ್ಕೋಪಿ, ಅಂದರೆ ದೊಡ್ಡ ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವ ಪರೀಕ್ಷೆ, ಬೇಕಾಗಬಹುದು. ಸೀಲಿಯಾಕ್‌ಗೆ ಮೊದಲು ರಕ್ತಪರೀಕ್ಷೆ. ಅದಕ್ಕೆ ಮುಂಚೆ ಮಾತ್ರ ನೀವಾಗಿ ನೀವೇ ಗೋಧಿ ಬಿಟ್ಟುಬಿಡಬೇಡಿ, ಬಿಟ್ಟರೆ ಕಾಯಿಲೆ ಇದ್ದರೂ ವರದಿ ನಾರ್ಮಲ್ ಅಂತ ಬರಬಹುದು. ನಮಸ್ಕಾರ.